ತೊಲೆಗೆ ಗೊತ್ತಿರುವ ಭಾರ

75 ಕಿಲೋ ಭತ್ತದ ಮೂಟೆ. ಅಟ್ಟದ ತೊಲೆಗೆ ಒಂದು ಗಡಗಡೆ ಕಟ್ಟಿದೆ. ಹಗ್ಗದ ಒಂದು ತುದಿ ಮೂಟೆಗೆ, ಇನ್ನೊಂದು ಕೆಳಗೆ ನಿಂತವನ ಕೈಗೆ. ಮೂಟೆ ನೆಲ ಬಿಟ್ಟು ತೂಗುತ್ತಿರುವಾಗ ತೊಲೆಯ ಮೇಲೆ ಬಿದ್ದಿರುವ ಭಾರ ಎಷ್ಟು? ಈ ಪ್ರಶ್ನೆಯನ್ನು ಗಾರೆ ಮೇಸ್ತ್ರಿಗಳಿಗೂ ಕೇಳಿದ್ದೇನೆ, ಎಂಜಿನಿಯರಿಂಗ್ ಓದುತ್ತಿರುವ ನೆಂಟರ ಹುಡುಗರಿಗೂ ಕೇಳಿದ್ದೇನೆ. ಹೆಚ್ಚಿನವರು ಯೋಚಿಸದೆ 75 ಎನ್ನುತ್ತಾರೆ. ಸರಿಯಾದ ಉತ್ತರ 150. ಮೂಟೆ ಒಂದು ಕಡೆ ಜಗ್ಗುತ್ತದೆ. ಅದನ್ನು ಬೀಳದಂತೆ ಹಿಡಿದವನು ಇನ್ನೊಂದು ಕಡೆ ಅಷ್ಟೇ ಜಗ್ಗಬೇಕು. ಎರಡನ್ನೂ ಕೂಡಿಸಿ ಗಡಗಡೆ ತೊಲೆಗೆ ಒಪ್ಪಿಸುತ್ತದೆ. ಅಚ್ಚು ತುಕ್ಕು ಹಿಡಿದಿದ್ದರೆ ಎಳೆಯುವಾಗ ಇನ್ನೂ ಹತ್ತು ಹದಿನೈದು ಕಿಲೋ ಮೇಲೆ.

ಅಟ್ಟಕ್ಕೆ ಮೂಟೆ ಏರಿಸುವ ಮನೆಗಳು ಕಡಿಮೆಯಾಗಿವೆ, ನಿಜ. ಭಾರ ಎತ್ತುವ ಕೆಲಸವೇನೂ ಕಡಿಮೆಯಾಗಿಲ್ಲ. ಸುಟ್ಟ ಮೋಟಾರನ್ನು ಬಾವಿಯಿಂದ ತೆಗೆಯಬೇಕು, ಮೂರನೇ ಮಹಡಿಗೆ ಟೈಲ್ಸ್ ಏರಿಸಬೇಕು, ಟಿಲ್ಲರಿನ ಎಂಜಿನ್ನು ಕಳಚಿ ಇಳಿಸಬೇಕು. ಕ್ರೇನು ಬರಲು ದಾರಿ ಇರುವುದಿಲ್ಲ. ದಾರಿ ಇದ್ದರೆ ಬಾಡಿಗೆ ಕೊಡುವ ಮನಸ್ಸಿರುವುದಿಲ್ಲ. ಆಗ ಯಾರಾದರೊಬ್ಬರು "ನಾಲ್ಕು ಗಾಲಿ ಹಾಕಿ ನಾವೇ ಎತ್ತೋಣ" ಎನ್ನುತ್ತಾರೆ. ಶಾಲೆಯ ಪುಸ್ತಕ, ಕೈಪಿಡಿ, ಮೊಬೈಲಿನಲ್ಲಿ ನೋಡುವ ವಿಡಿಯೊ ಎಲ್ಲವೂ ಗಾಲಿಗಳನ್ನು ಎಣಿಸುವುದನ್ನು ಚೆನ್ನಾಗಿ ಕಲಿಸುತ್ತವೆ. ಆದರೆ ನಾನು ಕಂಡು ಕೇಳಿದ ಅವಘಡಗಳಲ್ಲಿ ಗಾಲಿಯ ಲೆಕ್ಕ ತಪ್ಪಿ ಆದದ್ದು ಒಂದೂ ಇಲ್ಲ. ಮೇಲಿನ ಆಸರೆ ಕುಸಿದದ್ದು, ಕೊಕ್ಕೆ ಬಾಯಿ ಬಿಟ್ಟದ್ದು, ಹಗ್ಗ ಹಿಡಿದ ಕೈ ಸೋತದ್ದು, ಇವೇ. ಹಾಗಾಗಿ ಈ ವಿಷಯದಲ್ಲಿ ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ: ಎತ್ತುವುದು ಸುಲಭದ ಅರ್ಧ, ನೇತುಹಾಕುವುದು ಮತ್ತು ಹಿಡಿದು ನಿಲ್ಲಿಸುವುದು ಕಷ್ಟದ ಅರ್ಧ.

ಗಡಗಡೆ, ರಾಟೆ, ರಾಟಿ, ಕಪ್ಪಿ ಎಂದು ಊರಿಗೊಂದು ಹೆಸರು. ಹಗ್ಗ ಕೂರಲು ಅಂಚಿನಲ್ಲಿ ತೋಡು ಇರುವ ಗಾಲಿ, ಅಷ್ಟೇ. ಮೇಲೆ ಒಂದೇ ಕಡೆ ಕಟ್ಟಿದ ಗಾಲಿ ನಮ್ಮ ಶ್ರಮವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಎಳೆಯುವ ದಿಕ್ಕನ್ನು ಬದಲಿಸುತ್ತದೆ. ಇದು ಸಣ್ಣ ಉಪಕಾರವಲ್ಲ. ಬಾವಿಯಿಂದ ಕೊಡವನ್ನು ಬಗ್ಗಿ ಮೇಲಕ್ಕೆ ಸೇದುವವನ ಸೊಂಟಕ್ಕೂ, ನೇರ ನಿಂತು ಕೆಳಕ್ಕೆ ಜಗ್ಗುವವನ ಸೊಂಟಕ್ಕೂ ಇರುವ ವ್ಯತ್ಯಾಸ ಸೇದಿದವರಿಗೇ ಗೊತ್ತು. ಕೆಳಕ್ಕೆ ಜಗ್ಗುವಾಗ ನಮ್ಮ ಮೈಯ ತೂಕವೇ ಕೆಲಸಕ್ಕೆ ಬರುತ್ತದೆ.

ಈ ಗುಟ್ಟನ್ನು ಪೂರ್ತಿ ಬಳಸಿಕೊಂಡದ್ದು ಕಪಿಲೆ ಬಾವಿ. ಪಂಪ್‌ಸೆಟ್ಟು ಬರುವ ಮೊದಲು ಹಳೇ ಮೈಸೂರಿನ ಬಯಲಿನಲ್ಲಿ ತೋಟಗಳು ಹಸಿರಾಗಿದ್ದದ್ದು ಇದರಿಂದ. ಬಾವಿಯ ದಂಡೆಯಲ್ಲಿ ಕಲ್ಲಿನ ಕಂಬಗಳು, ನಡುವೆ ಗಾಲಿ, ತೊಗಲಿನ ಬಾನಿ, ಅದಕ್ಕೆ ಮಿಣಿ. ಗಾಲಿ ಒಂದೇ, ಆದ್ದರಿಂದ ಬಲದಲ್ಲಿ ಲಾಭವಿಲ್ಲ. ಲಾಭವನ್ನು ರೈತ ನೆಲದಲ್ಲಿ ಹುಡುಕಿದ. ಎತ್ತುಗಳು ನಡೆಯುವ ದಾರಿಯನ್ನು ಬಾವಿಯಿಂದಾಚೆಗೆ ಇಳಿಜಾರಾಗಿ ಅಗೆದ. ತುಂಬಿದ ಬಾನಿ ಮೇಲೇರುವಾಗ ಎತ್ತುಗಳು ಇಳಿಯುತ್ತವೆ, ತಮ್ಮ ತೂಕವನ್ನೂ ಹಗ್ಗಕ್ಕೆ ಕೊಡುತ್ತವೆ. ಸಾಲದೆಂದು ಹೊಡೆಯುವವನೂ ಹಗ್ಗದ ಮೇಲೆ ಕುಳಿತು ತನ್ನ ಭಾರ ಸೇರಿಸುತ್ತಿದ್ದ. ಬಾನಿಗೆ ಸೊಂಡಿಲಿನಂಥ ಬಾಲ. ಅದಕ್ಕೆ ಬೇರೊಂದು ತೆಳು ಹಗ್ಗ, ಕೆಳಗೆ ಬೇರೊಂದು ಉರುಳೆ. ಬಾನಿ ದಂಡೆಗೆ ಬಂದಾಗ ಬಾಲ ತಾನಾಗಿ ಬಿಚ್ಚಿಕೊಂಡು ನೀರು ತೊಟ್ಟಿಗೆ ಸುರಿಯುತ್ತಿತ್ತು, ಯಾರೂ ಮುಟ್ಟಬೇಕಿರಲಿಲ್ಲ. ಗಾಲಿಗಳನ್ನು ಹೆಚ್ಚಿಸದೆ ಇಷ್ಟು ಚೊಕ್ಕವಾಗಿ ಭಾರ ಎತ್ತಿದ ಇನ್ನೊಂದು ಏರ್ಪಾಡನ್ನು ನಾನು ಕಂಡಿಲ್ಲ.

ಬಲದ ಲಾಭ ಶುರುವಾಗುವುದು ಗಾಲಿಯನ್ನು ಭಾರದ ಜೊತೆ ಚಲಿಸಲು ಬಿಟ್ಟಾಗ. ಹಗ್ಗದ ಒಂದು ತುದಿಯನ್ನು ತೊಲೆಗೆ ಕಟ್ಟಿ, ಕೆಳಗಿಳಿಸಿ, ಮೂಟೆಗೆ ಕಟ್ಟಿದ ಗಾಲಿಯಲ್ಲಿ ಹಾಯಿಸಿ, ಮತ್ತೆ ಮೇಲಕ್ಕೆ ತಂದರೆ ಮೂಟೆಯನ್ನು ಹಗ್ಗದ ಎರಡು ಸಾಲುಗಳು ಹೊತ್ತಿರುತ್ತವೆ. ಒಂದೊಂದು ಸಾಲಿಗೆ ಅರ್ಧರ್ಧ. ಲೆಕ್ಕದ ಸೂತ್ರ ಇಷ್ಟೇ: ಚಲಿಸುವ ಗಾಲಿಯನ್ನು ಎಷ್ಟು ಸಾಲು ಹಗ್ಗ ಹಿಡಿದಿದೆಯೋ ಎಣಿಸಿ, ಭಾರವನ್ನು ಅದರಿಂದ ಭಾಗಿಸಿ. ಮೇಲೆ ಎರಡು, ಕೆಳಗೆ ಎರಡು ಗಾಲಿ ಇಟ್ಟರೆ ನಾಲ್ಕು ಸಾಲು, ಕಾಲು ಭಾಗದ ಬಲ. ಪುಕ್ಕಟೆ ಏನಿಲ್ಲ. ಭಾರ ಒಂದು ಅಡಿ ಏರಲು ನಾಲ್ಕು ಅಡಿ ಹಗ್ಗ ಎಳೆಯಬೇಕು.

ಇಲ್ಲಿ ಹಳೆಯ ಕಥೆಯೊಂದಿದೆ. ಸಿರಾಕ್ಯೂಸಿನ ಆರ್ಕಿಮಿಡೀಸ್ ಜನ, ಸರಕು ತುಂಬಿದ ಮೂರು ಪಟಸ್ತಂಭದ ಹಡಗನ್ನು ದೂರದಲ್ಲಿ ಕುಳಿತು, ಗಡಗಡೆಗಳ ಜೋಡಣೆಯಿಂದ ಒಬ್ಬನೇ ಎಳೆದು ರಾಜನನ್ನು ಬೆರಗುಗೊಳಿಸಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಬರೆದದ್ದು ಮೂರು ಶತಮಾನದ ಮೇಲೆ. ಇಂಥದೇ ಕಥೆ ಹೇಳುವ ಅಥೀನಿಯಸ್ ಅದು ಗಡಗಡೆಯಲ್ಲ, ತಿರುಪಿನ ಯಂತ್ರ ಎನ್ನುತ್ತಾನೆ. ನನಗೆ ಅಥೀನಿಯಸ್ಸನ ಮಾತೇ ಹೆಚ್ಚು ನಂಬಿಕೆಗೆ ಯೋಗ್ಯ ಅನಿಸುತ್ತದೆ. ಕಾರಣ ಮುಂದೆ ಬರುತ್ತದೆ. ಕಟ್ಟಡದ ಕೆಲಸ ಬಲ್ಲ ರೋಮಿನ ವಿಟ್ರೂವಿಯಸ್ ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ಮೂರು ಗಾಲಿಯ, ಐದು ಗಾಲಿಯ ಎತ್ತುಗಗಳನ್ನು ವರ್ಣಿಸುತ್ತಾನೆ. ಅದಕ್ಕಿಂತ ದೊಡ್ಡ ಭಾರಕ್ಕೆ ಅವನೂ ಗಾಲಿಗಳನ್ನಷ್ಟೇ ಪೇರಿಸುತ್ತ ಹೋಗುವುದಿಲ್ಲ; ಮನುಷ್ಯರು ಒಳಗೆ ನಡೆದು ತಿರುಗಿಸುವ ದೊಡ್ಡ ಚಕ್ರವನ್ನು ತರುತ್ತಾನೆ.

ಕಾರಣ ಘರ್ಷಣೆ. ಒಂದು ಗಾಲಿಯನ್ನು ಹಾದುಹೋಗುವಾಗ ಹಗ್ಗ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ, ಅಚ್ಚು ಉಜ್ಜುತ್ತದೆ. ಬುಷ್ ಹಾಕಿದ ಸಾಧಾರಣ ಗಾಲಿಯಲ್ಲಿ ಪ್ರತಿ ಸುತ್ತಿಗೆ ನೂರಕ್ಕೆ ಹತ್ತು ಪಾಲು ಕಳೆಯಿತೆಂದುಕೊಳ್ಳಿ. ಆಗ ಮೊದಲ ಸಾಲಿಗೆ ನಮ್ಮ ಎಳೆತದ 90 ಪಾಲು, ಎರಡನೆಯದಕ್ಕೆ 81, ಮೂರನೆಯದಕ್ಕೆ 73, ನಾಲ್ಕನೆಯದಕ್ಕೆ 66 ತಲುಪುತ್ತದೆ. ಕೂಡಿಸಿದರೆ ನಾಲ್ಕು ಪಟ್ಟಲ್ಲ, 3.1 ಪಟ್ಟು. ಆರು ಗಾಲಿ ಹಾಕಿದರೆ ಆರಲ್ಲ, 4.2. ಹೀಗೆ ಸೇರಿಸುತ್ತ ಹೋದರೆ ಏನಾಗುತ್ತದೆ? ಹೈಸ್ಕೂಲಿನ ಗುಣೋತ್ತರ ಶ್ರೇಢಿ ನೆನಪಿದ್ದವರು ಮೊತ್ತ ಕಂಡುಹಿಡಿಯಬಹುದು: ಒಂಬತ್ತು. ನೂರು ಗಾಲಿ ಹಾಕಿ, ಸಾವಿರ ಹಾಕಿ, ಒಂಬತ್ತು ಪಟ್ಟು ದಾಟುವುದಿಲ್ಲ. ಎಣ್ಣೆ ಕಾಣದ ಮರದ ಗಾಲಿಯಲ್ಲಿ 20 ಪಾಲು ಕಳೆದರೆ ಮಿತಿ ನಾಲ್ಕೇ ಪಟ್ಟು. ಅಂಥ ನಾಲ್ಕು ಗಾಲಿಗಳಿಂದ ಕೈಗೆ ಸಿಗುವುದು 2.4. ಅಂದರೆ ಎರಡು ಹೊಸ ಗಾಲಿ ಕೊಳ್ಳುವ ಬದಲು ಇರುವ ನಾಲ್ಕಕ್ಕೆ ಗ್ರೀಸ್ ಹಚ್ಚುವುದು ಜಾಣತನ. ಗಾಲಿಯ ಗುಣಕ್ಕೆ ಬೆಲೆ ಕೊಟ್ಟವರಲ್ಲಿ ಹಡಗಿನವರು ಮೊದಲಿಗರು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾನೆಲೆಯಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿ ಹೆನ್ರಿ ಮಾಡ್ಸ್‌ಲೆ ತಯಾರಿಸಿದ 45 ಯಂತ್ರಗಳು 1808ರ ಹೊತ್ತಿಗೆ ವರ್ಷಕ್ಕೆ 1,30,000 ಕಪ್ಪಿಗಳನ್ನು ಮಾಡುತ್ತಿದ್ದವು. 110 ಕುಶಲಕರ್ಮಿಗಳ ಕೆಲಸವನ್ನು ಹತ್ತು ಜನ ಮಾಡಿದರು. ಯಂತ್ರಗಳಿಂದ ಒಂದೇ ಅಚ್ಚಿನ ವಸ್ತುಗಳನ್ನು ರಾಶಿ ರಾಶಿಯಾಗಿ ತಯಾರಿಸುವ ಪದ್ಧತಿಯ ಆರಂಭದ ಉದಾಹರಣೆಗಳಲ್ಲಿ ಗಡಗಡೆಯೂ ಒಂದು.

ಹಗ್ಗದ ವಿಷಯದಲ್ಲಿ ನಮ್ಮವರದು ಅತಿ ಭರವಸೆ, ಇಲ್ಲವೇ ಅತಿ ಅನುಮಾನ. ತೆಂಗಿನ ನಾರು, ಪುಂಡಿ ನಾರು, ಕತ್ತಾಳೆ ಹಗ್ಗಗಳು ಕೈಗೆ ಹಿತ, ಗಂಟು ಜಾರುವುದಿಲ್ಲ. ಆದರೆ ಒಳಗೇ ಕೊಳೆಯುತ್ತವೆ, ಹೊರಗಿನಿಂದ ತಿಳಿಯುವುದಿಲ್ಲ. ಪೇಟೆಯಲ್ಲಿ ಸಿಗುವ ಬಣ್ಣಬಣ್ಣದ ಪ್ಲಾಸ್ಟಿಕ್ ಹಗ್ಗ ಬಹುಪಾಲು ಪಾಲಿಪ್ರೊಪಿಲೀನು. ಅಗ್ಗ, ನೀರಿನಲ್ಲಿ ತೇಲುತ್ತದೆ. ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಸೀಳಿ ಪುಡಿಯಾಗತೊಡಗುತ್ತದೆ. ಸುಮಾರು 165 ಡಿಗ್ರಿಗೇ ಕರಗುವುದರಿಂದ ಕಂಬಕ್ಕೆ ಉಜ್ಜಿಕೊಂಡು ಬಿರುಸಾಗಿ ಜಾರಿದರೆ ಅಂಟಾಗಿಬಿಡುತ್ತದೆ. ನೈಲಾನ್ ಗಟ್ಟಿ, ಆದರೆ ರಬ್ಬರಿನಂತೆ ಹಿಗ್ಗುತ್ತದೆ. ತುಂಡಾದಾಗ ಚಾಟಿಯಂತೆ ಬಂದು ಬಡಿಯುತ್ತದೆ. ಒದ್ದೆಯಾದರೆ ಸ್ವಲ್ಪ ಬಲವನ್ನೂ ಕಳೆದುಕೊಳ್ಳುತ್ತದೆ. ಎತ್ತುವ ಕೆಲಸಕ್ಕೆ ಪಾಲಿಯೆಸ್ಟರ್ ಹಗ್ಗವೇ ಮೇಲು: ಹಿಗ್ಗುವುದು ಕಡಿಮೆ, ಬಿಸಿಲು ತಡೆಯುತ್ತದೆ.

12 ಮಿಲಿಮೀಟರಿನ ಹೊಸ ನೈಲಾನ್ ಹಗ್ಗ ಹರಿಯಲು ಸುಮಾರು 3,000 ಕಿಲೋ ಬೇಕು ಎಂದು ಅಂಗಡಿಯವನು ಹೇಳಿದರೆ ಅದು ಸುಳ್ಳಲ್ಲ. ಹಾಗೆಂದು ಅದಕ್ಕೆ 2,000 ಕಿಲೋ ನೇತುಹಾಕುವುದು ಹುಚ್ಚುತನ. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧದವರೆಗೂ ಇಳಿಯಬಹುದು. ಜಗ್ಗಿ ಬಿಟ್ಟಾಗಿನ ಹೊಡೆತ ಭಾರವನ್ನು ಎರಡು, ಮೂರು ಪಟ್ಟು ಮಾಡುತ್ತದೆ. ಅದಕ್ಕೇ ನಾರಿನ ಹಗ್ಗವಾಗಲಿ ನೂಲಿನದಾಗಲಿ, ಹರಿಯುವ ಭಾರದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದೆಂಬ ರೂಢಿ ಬಂದಿದೆ. 12 ಮಿಲಿಮೀಟರಿನ ನೈಲಾನಿಗೆ 300 ಕಿಲೋ, ಅದೂ ಹೊಸದಾಗಿದ್ದರೆ. ಗಾಲಿಯ ಅಗಲವನ್ನೂ ಹಗ್ಗವೇ ನಿರ್ಧರಿಸುತ್ತದೆ. ಹಗ್ಗದ ದಪ್ಪದ ಎಂಟು ಪಟ್ಟು ವ್ಯಾಸ ಇರಲೇಬೇಕು, ಅಂದರೆ ಇದಕ್ಕೆ ಹತ್ತು ಸೆಂಟಿಮೀಟರಿನ ಗಾಲಿ. ಬಟ್ಟೆ ಒಣಹಾಕುವ ತಂತಿಯ ಪುಟಾಣಿ ಗಾಲಿಗೆ ಹಗ್ಗ ಹಾಯಿಸಿದರೆ ಹಗ್ಗ ಮುರಿದ ಬೆರಳಿನಂತೆ ಬಾಗಿ, ಒಳಗಿನಿಂದ ಸವೆಯುತ್ತದೆ.

ಇನ್ನು ಮೇಲಿನ ಆಸರೆ. ನಮ್ಮ ಸೋದರಮಾವನ ತೆರೆದ ಬಾವಿಯಿಂದ ಪಂಪು ತೆಗೆಯುವಾಗ ನಾನು ಹತ್ತನೆಯ ತರಗತಿ ಮುಗಿಸಿದ್ದೆ. ಬಾವಿಯ ಮೇಲೆ ಬಾಗಿದ್ದ ಹಲಸಿನ ಕೊಂಬೆಗೆ ಗಾಲಿ ಕಟ್ಟಿದರು. ಕೊಂಬೆ ನಾಲ್ವರು ಕುಳಿತರೂ ಅಲುಗದಂಥದು. ಹಗ್ಗ ಹೊಸದು. ಕೊಂಬೆಗೂ ಗಾಲಿಗೂ ನಡುವಿದ್ದದ್ದು ಎಂಟು ಮಿಲಿಮೀಟರಿನ ಕಬ್ಬಿಣದ ಸರಳು ಬಗ್ಗಿಸಿ ಮಾಡಿದ ಕೊಕ್ಕೆ. ಪಂಪು ನೀರಿನಿಂದ ಎದ್ದ ಕ್ಷಣ ಅದರ ತೂಕ ಹೆಚ್ಚಿತು. ನೀರಿನೊಳಗಿದ್ದಷ್ಟು ಹೊತ್ತು ನೀರು ಸ್ವಲ್ಪ ಹೊತ್ತಿತ್ತಲ್ಲ. ಕೊಕ್ಕೆ ಶಬ್ದವಿಲ್ಲದೆ ನಿಧಾನಕ್ಕೆ ಬಾಯಿ ತೆರೆಯಿತು. ಎಳೆಯುತ್ತಿದ್ದ ಐದು ಜನರೂ ಕೆಳಗೇ ನೋಡುತ್ತಿದ್ದರು. ಪಂಪು, ಗಾಲಿ, ಹಗ್ಗ ಎಲ್ಲ ಬಾವಿಗೆ; ಐವರೂ ಅಂಗಾತ ನೆಲಕ್ಕೆ. ಯಾರಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಜಾಣತನದಿಂದಲ್ಲ.

ಇಲ್ಲಿ ಗಾಲಿ ಎಣಿಸುವವರು ಗಮನಿಸದ ಒಂದು ಸ್ವಾರಸ್ಯವಿದೆ. 200 ಕಿಲೋ ಭಾರವನ್ನು ಒಂದೇ ಸ್ಥಿರ ಗಾಲಿಯಿಂದ ಎತ್ತಿದರೆ ತೊಲೆಗೆ ಬೀಳುವುದು 200 ಭಾರದ್ದು, 200ಕ್ಕಿಂತ ಹೆಚ್ಚು ಎಳೆತದ್ದು, ಒಟ್ಟು 420ರ ಆಸುಪಾಸು. ನಾಲ್ಕು ಸಾಲಿನ ಜೋಡಣೆಯಲ್ಲಿ ಎಳೆತ ಸುಮಾರು 65, ಒಟ್ಟು 265. ಗಾಲಿ ಹೆಚ್ಚಿಸಿದ್ದರಿಂದ ಕೈಗಷ್ಟೇ ಅಲ್ಲ, ತೊಲೆಗೂ ಹಗುರ. ಚಲಿಸುವ ಗಾಲಿಯ ನಿಜವಾದ ಉಪಕಾರ ಇದು ಎಂದು ನಾನು ತಿಳಿದಿದ್ದೇನೆ. ಮಹಡಿಯ ಮೇಲೆ ನಿಂತು ಮೇಲ್ಮುಖವಾಗಿ ಎಳೆಯುವವರಿದ್ದರೆ ಜೋಡಣೆಯನ್ನು ತಲೆಕೆಳಗು ಮಾಡಬಹುದು. ಅದೇ ನಾಲ್ಕು ಗಾಲಿಯಿಂದ ಐದು ಸಾಲು ಸಿಗುತ್ತದೆ. ಆದರೆ ಕೆಳಕ್ಕೆ ಜಗ್ಗುವಾಗ ಸಿಗುವ ಮೈತೂಕದ ನೆರವು ತಪ್ಪುತ್ತದೆ.

ಮರದ ತೊಲೆಯಾದರೆ ನಿಲುವೇ ಬಲ. ಅಗಲವನ್ನು ಇಮ್ಮಡಿ ಮಾಡಿದರೆ ತೊಲೆಯ ಶಕ್ತಿ ಇಮ್ಮಡಿ. ನಿಲುವನ್ನು ಇಮ್ಮಡಿ ಮಾಡಿದರೆ ನಾಲ್ಕು ಪಟ್ಟು. ಆದ್ದರಿಂದ ಹಲಗೆಯನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಗಾಲಿಯನ್ನು ತೊಲೆಯ ನಟ್ಟನಡುವೆ ಕಟ್ಟುವ ಚಟವನ್ನೂ ಬಿಡಿ. ಗೋಡೆಯ ಹತ್ತಿರ ಕಟ್ಟಿದಷ್ಟೂ ತೊಲೆ ಬಾಗುವುದು ಕಡಿಮೆ. ತೊಲೆ ಇಲ್ಲದ ಕಡೆ ಮೂರು ಕಂಬ ಸೇರಿಸಿ ತುದಿಯಲ್ಲಿ ಕಟ್ಟುವುದು ನಮ್ಮಲ್ಲಿ ರೂಢಿ. ಒಳ್ಳೆಯ ರೂಢಿಯೇ. ಆದರೆ ಕಾಲುಗಳು ಹೊರಕ್ಕೆ ಜಾರಲು ಸದಾ ಹವಣಿಸುತ್ತಿರುತ್ತವೆ. ಬುಡಕ್ಕೆ ಗುಳಿ ತೋಡಿ, ಮೂರನ್ನೂ ಸರಪಳಿಯಿಂದ ಬಿಗಿಯಬೇಕು. ಎಳೆಯುವ ಹಗ್ಗವನ್ನು ದೂರಕ್ಕೆ ಒಯ್ದರೆ ಇಡೀ ಮುಕ್ಕಾಲಿಯೇ ಆ ಕಡೆ ವಾಲುತ್ತದೆ. ಹಗ್ಗ ಮೊದಲು ನೇರ ಕೆಳಗಿಳಿದು, ಒಂದು ಕಾಲಿನ ಬುಡಕ್ಕೆ ಕಟ್ಟಿದ ಗಾಲಿಯನ್ನು ಹಾದು ಆಮೇಲೆ ದೂರ ಹೋಗಲಿ.

ಭಾರಕ್ಕೆ ಸುತ್ತುವ ಹಗ್ಗದ್ದೂ ಒಂದು ಲೆಕ್ಕ. ಎರಡು ಕಡೆಯಿಂದ ಬಂದು ಕೊಕ್ಕೆಯಲ್ಲಿ ಸೇರುವ ಹಗ್ಗಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದಕ್ಕೆ ಭಾರದ 58 ಪಾಲು. 120 ಆದರೆ ಒಂದೊಂದಕ್ಕೂ ಪೂರ್ತಿ ಭಾರ. 150 ಡಿಗ್ರಿಗೆ ಹೆಚ್ಚು ಕಡಿಮೆ ಎರಡರಷ್ಟು. ಹಗ್ಗ ಸಾಲದೆಂದು ಬಿಗಿಯಾಗಿ ಚಪ್ಪಟೆಯಾಗಿ ಕಟ್ಟುವವರು ಉಳಿಸುವುದು ಎರಡು ಮೊಳ ಹಗ್ಗ, ಅಷ್ಟೆ.

ಹಿಡಿದು ನಿಲ್ಲಿಸುವ ಕಲೆಗೆ ನನ್ನ ಗುರು ತೆಂಗಿನಮರ. ಎಳೆದ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿದರೆ ಹಿಡಿಯಲು ಬೇಕಾಗುವ ಬಲ ಸರಿಸುಮಾರು ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು ಸುತ್ತಿಗೆ ನಲವತ್ತರಲ್ಲಿ ಒಂದು. 200 ಕಿಲೋ ನೇರವಾಗಿ ಜಗ್ಗುತ್ತಿದ್ದರೂ ಐದು ಕಿಲೋ ಬಲದಿಂದ ಒಬ್ಬ ಹುಡುಗ ಹಿಡಿದು ನಿಲ್ಲಬಲ್ಲ. ಸುತ್ತು ಕೂಡುತ್ತದೆ, ಹಿಡಿತ ಗುಣಿಸುತ್ತದೆ. ಈ ಲೆಕ್ಕವನ್ನು ಗಣಿತಕ್ಕೆ ತಂದವನು ಹದಿನೆಂಟನೆಯ ಶತಮಾನದ ಆಯ್ಲರ್. ಎತ್ತುವಾಗ ಕಳ್ಳನಾಗಿದ್ದ ಘರ್ಷಣೆ ನಿಲ್ಲಿಸುವಾಗ ಕಾವಲುಗಾರ. ಬೇಪೂರಿನ ಮಾಪಿಳ್ಳೆ ಖಲಾಸಿಗಳ ಕಸುಬೆಲ್ಲ ಇದೇ. 1988ರ ಜುಲೈ 8ರಂದು ಬೆಂಗಳೂರಿನಿಂದ ತಿರುವನಂತಪುರಕ್ಕೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಬಳಿಯ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ, ಬೋಗಿಗಳನ್ನು ನೀರಿನಿಂದ ಎಳೆದು ತರಲು ಕರೆಸಿದ್ದು ಇವರನ್ನು. ಕಪ್ಪಿ, ಹಗ್ಗ, ಮರದ ತಿರುಗಣೆ, ಮುಂದಾಳುವಿನ ಕೂಗಿಗೆ ಒಟ್ಟಾಗಿ ಓಗೊಡುವ ದನಿ. ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗಬೇಕು, ಒಂದೇ ಕ್ಷಣಕ್ಕೆ ನಿಲ್ಲಬೇಕು. ನಮ್ಮ ಕೂಲಿಕಾರರ "ಐಸಾ" ಬರೀ ಉತ್ಸಾಹದ ಕೂಗಲ್ಲ, ಅದು ಗಡಿಯಾರ.

ಘರ್ಷಣೆಯನ್ನೇ ಕಾವಲಿಗೆ ನಿಲ್ಲಿಸಿದ ಯಂತ್ರ ಈಗ ಪ್ರತಿ ಗ್ಯಾರೇಜಿನಲ್ಲೂ ಇದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಥಾಮಸ್ ವೆಸ್ಟನ್ ಎಂಬವನು ರೂಪಿಸಿದ ಸರಪಳಿ ಗಡಗಡೆಯಲ್ಲಿ, ಕೊಂಚವೇ ಅಳತೆ ಬೇರೆಯಾದ ಎರಡು ಗಾಲಿಗಳು ಒಂದೇ ಅಚ್ಚಿಗೆ ಅಂಟಿಕೊಂಡಿರುತ್ತವೆ. ಒಂದು ಹತ್ತು ಅಂಗುಲ, ಇನ್ನೊಂದು ಒಂಬತ್ತು ಆದರೆ ಲೆಕ್ಕದಲ್ಲಿ ಇಪ್ಪತ್ತು ಪಟ್ಟು ಲಾಭ. ಅರ್ಧಕ್ಕಿಂತ ಹೆಚ್ಚು ಘರ್ಷಣೆಗೆ ಹೋಗುತ್ತದೆ. ಹೋಗಲಿ, ಹಾಗೆ ಹೋಗುವುದರಿಂದಲೇ ಕೈಬಿಟ್ಟರೂ ಭಾರ ಹಿಂದಕ್ಕೆ ಜಾರುವುದಿಲ್ಲ. ಇಂದಿನ ಚೈನ್ ಬ್ಲಾಕಿನಲ್ಲಿ ಹಲ್ಲುಚಕ್ರಗಳೂ ಬ್ರೇಕೂ ಇವೆ. ಎಳೆಯುವಾಗ ಕೇಳುವ ಟಿಕ್ ಟಿಕ್ ಸದ್ದು ಆ ಬ್ರೇಕಿನ ಹಲ್ಲಿನದು.

ಹಾಗಾದರೆ ಹಗ್ಗದ ಗಡಗಡೆ ಎಲ್ಲಿಯವರೆಗೆ ಸಾಕು? ಕೊಳವೆಬಾವಿಯ ಉದಾಹರಣೆ ನೋಡಿ. 300 ಅಡಿ ಆಳಕ್ಕೆ ಇಳಿಸಿದ ಎರಡಿಂಚಿನ ಜಿಐ ಪೈಪು ಮೀಟರಿಗೆ ಸುಮಾರು ಐದು ಕಿಲೋ, ಒಟ್ಟು 460ರಷ್ಟು. ಪಂಪಿನ ವಾಲ್ವು ಪೈಪಿನೊಳಗೆ ತಡೆದಿಟ್ಟ ನೀರು 200 ಕಿಲೋವರೆಗೆ. ಮೋಟಾರು, ಪಂಪು, ಕೇಬಲ್ಲು ಸೇರಿದರೆ 700 ದಾಟಿತು. ಇದು ಹಗ್ಗದ ಕೆಲಸವಲ್ಲ. ಮುಕ್ಕಾಲಿ, ಚೈನ್ ಬ್ಲಾಕು, ಪ್ರತಿ 20 ಅಡಿ ಪೈಪು ಮೇಲೆ ಬಂದಾಗ ಬಿಗಿಯುವ ಕ್ಲ್ಯಾಂಪು ಇವು ಬೇಕು. ಇವಿಲ್ಲದೆ ಹಗ್ಗವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವುದನ್ನು ಕಂಡಿದ್ದೇನೆ. ಮೋಟಾರು ಕೇಸಿಂಗಿನ ಅಂಚಿಗೆ ಸಿಕ್ಕಿಕೊಂಡರೆ ಎಳೆಯುವ ಕೈಗೆ ಗೊತ್ತಾಗುತ್ತದೆ, ಟ್ರ್ಯಾಕ್ಟರಿಗೆ ಗೊತ್ತಾಗುವುದಿಲ್ಲ.

ನನ್ನ ತೀರ್ಮಾನ ಹೀಗೆ. 200 ಕಿಲೋವರೆಗಿನ ಭಾರಕ್ಕೆ, 12 ಅಡಿ ಎತ್ತರಕ್ಕೆ, ಎರಡೆರಡು ಗಾಲಿಯ ಎರಡು ಕಬ್ಬಿಣದ ಕಪ್ಪಿಗಳು ಸಾಕು. ಗಾಲಿ ಹತ್ತು ಸೆಂಟಿಮೀಟರಿಗೆ ಕಡಿಮೆ ಬೇಡ, ಬೇರಿಂಗ್ ಇದ್ದರೆ ಲೇಸು. 12 ಮಿಲಿಮೀಟರಿನ ಪಾಲಿಯೆಸ್ಟರ್ ಹಗ್ಗ 25 ಮೀಟರು ತನ್ನಿ. ನಾಲ್ಕು ಸಾಲಿಗೆ 15 ಮೀಟರು, ಉಳಿದದ್ದು ಎಳೆಯಲು ಮತ್ತು ಕಂಬಕ್ಕೆ ಸುತ್ತಲು. ಹಗ್ಗದ ತುದಿಯನ್ನು ಮೇಲಿನ ಕಪ್ಪಿಗೆ ಜಾರದ ಕುಣಿಕೆಯಿಂದ ಕಟ್ಟಿ. ನಾವಿಕರ ಬೋಲೈನ್ ಕುಣಿಕೆ ಕಲಿಯಲು ಹತ್ತು ನಿಮಿಷ ಹಿಡಿಯುತ್ತದೆ. ಇಬ್ಬರು ಎಳೆಯಲಿ, ಮೂರನೆಯವನು ಕಂಬದ ಬಳಿ ಸುತ್ತನ್ನು ನೋಡಿಕೊಳ್ಳಲಿ, ಅವನಿಗೆ ಬೇರೆ ಕೆಲಸ ಬೇಡ. ಸರಳು ಬಗ್ಗಿಸಿದ ಕೊಕ್ಕೆ ಬೇಡ. ಕಾಯಿಸಿ ಬಡಿದು ಮಾಡಿದ, ಬಾಯಿಗೆ ಅಗುಳಿ ಇರುವ ಕೊಕ್ಕೆ ತನ್ನಿ. ಮೇಲಿನ ಆಸರೆ 265 ಕಿಲೋ ತಡೆದರೆ ಸಾಲದು, ಅದರ ಮೂರರಷ್ಟು ತಡೆಯುವುದೆಂದು ನಂಬಿಕೆ ಇದ್ದರೆ ಮಾತ್ರ ಕಟ್ಟಿ. ಮನುಷ್ಯರನ್ನು ಇದರಲ್ಲಿ ಎತ್ತಬೇಡಿ, ಇಳಿಸಬೇಡಿ, ಬಾವಿಗೆ ಬಿದ್ದ ಕೊಡ ತೆಗೆಯುವುದಕ್ಕೂ ಬೇಡ.

ಕಾರ್ಖಾನೆಗಳಲ್ಲಿ ಎತ್ತುವ ಸರಪಳಿ, ಹಗ್ಗಗಳನ್ನು 12 ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 29ನೆಯ ಕಲಮು ವಿಧಿಸಿತ್ತು. ಹೊಲದ ಬಾವಿಗೆ ಅಂಥ ಪರೀಕ್ಷಕ ಬರುವುದಿಲ್ಲ. ಆದ್ದರಿಂದ ಭಾರವನ್ನು ನೆಲದಿಂದ ಒಂದು ಗೇಣು ಎತ್ತಿ, ಹಗ್ಗವನ್ನು ಕಂಬಕ್ಕೆ ಸುತ್ತಿ, ಐದು ನಿಮಿಷ ಹಾಗೇ ಬಿಡಿ. ದೂರ ಸರಿದು ನಿಂತು ಮೇಲೆ ನೋಡಿ: ಕೊಕ್ಕೆ ಬಾಯಿ ಬಿಡುತ್ತಿದೆಯೇ, ಗಂಟು ಜಾರುತ್ತಿದೆಯೇ, ತೊಲೆ ಕಿರುಗುಟ್ಟುತ್ತಿದೆಯೇ. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಎಳೆಯಿರಿ.